ಗಾಜು ತೊಳೆಯುವ ಮಷೀನಿನ ನೀರು: ಟಿಡಿಎಸ್ ಮೀಟರ್ ಹೇಳದೇ ಬಿಡುವುದು

ಟಫನ್ಡ್ ಗಾಜಿನ (ಕಾಯಿಸಿ ಗಟ್ಟಿ ಮಾಡಿದ ಗಾಜಿನ) ಘಟಕದಲ್ಲಿ ಕೆಲಸ ಕಲಿಯಲು ಸೇರಿದವರಿಗೆ ವಾಷಿಂಗ್ ಮಷೀನ್ ಹತ್ತಿರ ಮೊದಲು ಕಿವಿಗೆ ಬೀಳುವ ಪ್ರಶ್ನೆ: "ನೀರಿನ ಟಿಡಿಎಸ್ ಎಷ್ಟಿದೆ?" ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಉಪ್ಪುಗಳ ಒಟ್ಟು ಪ್ರಮಾಣ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಪ್ರಶ್ನೆ ಸರಿಯಾದದ್ದೇ. ಆದರೆ ಅದೊಂದನ್ನೇ ನಂಬಿ ಕೂತರೆ ಅರ್ಧ ಪಾಠ ಬಿಟ್ಟುಹೋಗುತ್ತದೆ. ಮೀಟರ್ 5 ತೋರಿಸುವಾಗಲೂ ಗಾಜಿನ ಮೇಲೆ ಬಿಳಿ ಪುಡಿ ಉಳಿಯಬಹುದು. ಹೊಸ ಫಿಲ್ಟರ್ ಹಾಕಿದ ಮೇಲೂ ನೀರಿನ ಕಲೆ ಹಾಗೇ ಇರಬಹುದು. ಎರಡಕ್ಕೂ ಕಾರಣ ಬೇರೆ, ಸರಿಮಾಡುವ ದಾರಿಯೂ ಬೇರೆ.

ನೀರು ಎಲ್ಲಿಂದ ಎಲ್ಲಿಗೆ

ಕಟ್ ಆದ ಗಾಜಿನ ಅಂಚು ಉಜ್ಜಿ, ತೂತು ಕೊರೆದು, ತೊಳೆದು, ಆಮೇಲೆ ಫರ್ನೇಸಿಗೆ ಕಳಿಸುತ್ತಾರೆ. ಅಲ್ಲಿ ಗಾಜು 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗೆ ಮೇಲೆ ಉಳಿದ ಪುಡಿ ಗಾಜಿಗೇ ಕಚ್ಚಿಕೊಂಡರೆ ಮತ್ತೆ ಒರೆಸಿ ತೆಗೆಯುವ ಮಾತಿಲ್ಲ. ಲ್ಯಾಮಿನೇಟೆಡ್ ಗಾಜಾದರೆ ಇನ್ನೊಂದು ಕಾಟ. ಗಡಸು ನೀರಿನ ಉಪ್ಪು ಮೇಲ್ಮೈಯಲ್ಲಿ ಉಳಿದರೆ ಎರಡು ಗಾಜನ್ನು ಅಂಟಿಸುವ ನಡುವಿನ ಪಿವಿಬಿ ಪ್ಲಾಸ್ಟಿಕ್ ಹಾಳೆ ಹಿಡಿಯಬೇಕಾದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ನಡುವೆ ಜಾಗ ಬಿಟ್ಟು ಎರಡು ಗಾಜು ಜೋಡಿಸುವ ಡಬಲ್ ಗ್ಲೇಜಿಂಗ್‌ನಲ್ಲಂತೂ ಒಳಮೈಯ ಕಲೆ ಒಳಗೇ ಸೀಲ್ ಆಗಿಬಿಡುತ್ತದೆ.

ಮಷೀನಿನ ಒಳಗೆ ಗಾಜು ರೋಲರ್ ಮೇಲೆ ಸಾಗುತ್ತದೆ. ಮೊದಲು ಸ್ಪ್ರೇ, ನಂತರ ಮೇಲೂ ಕೆಳಗೂ ತಿರುಗುವ ನೈಲಾನ್ ಬ್ರಷ್, ನಂತರ ಜಾಲಿಸುವ ಭಾಗ, ಕೊನೆಗೆ ಗಾಳಿ ಊದಿ ನೀರು ತಳ್ಳುವ ಏರ್ ನೈಫ್. ಸಾಮಾನ್ಯವಾಗಿ ಒಂದೊಂದು ಭಾಗಕ್ಕೂ ಕೆಳಗೆ ಅದರದ್ದೇ ಟ್ಯಾಂಕ್, ಅದರದ್ದೇ ಪಂಪ್. ಗಾಜಿನ ಮೇಲೆ ಬಿದ್ದ ನೀರು ಟ್ಯಾಂಕಿಗೆ ಇಳಿದು ಮತ್ತೆ ಸ್ಪ್ರೇಗೆ ಏರುತ್ತದೆ. ಅಂದರೆ ಗಾಜು ಬಿಟ್ಟ ಕೊಳೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಹಿಡಿದು ಹೊರಹಾಕುವ ತನಕ ಅಲ್ಲೇ ಸುತ್ತುತ್ತಿರುತ್ತದೆ.

ಮುಳುಗುವುದು, ತೇಲುವುದು, ಕರಗುವುದು

ಕೊಳೆಯನ್ನು ಹೆಸರಿನಿಂದ ನೆನಪಿಡುವುದಕ್ಕಿಂತ ಅದು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುವುದು ಒಳ್ಳೆಯದು. ಕಟಿಂಗ್ ಎಣ್ಣೆಯ ಪಸೆ ತೇಲುತ್ತದೆ. ಅದನ್ನು ಮೇಲಿನಿಂದಲೇ ತುಂಬಿ ಹರಿಸಿ ತೆಗೆಯಬೇಕು. ನೀರು ಸೋಸುವ ಕಾರ್ಟ್ರಿಡ್ಜ್‌ಗೆ ಎಣ್ಣೆ ಸಿಕ್ಕರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಅಷ್ಟೇ ಲಾಭ. ಹಾಳೆಗಳು ಒಂದಕ್ಕೊಂದು ಉಜ್ಜದಿರಲಿ ಅಂತ ಗಾಜಿನ ಕಾರ್ಖಾನೆಯಲ್ಲಿ ನಡುವೆ ಉದುರಿಸಿದ ಪುಡಿ ಮೊದಲ ಟ್ಯಾಂಕಿಗೇ ಬರುತ್ತದೆ.

ನಿಜವಾದ ತಲೆನೋವು ಅಂಚು ಉಜ್ಜುವಾಗ ಹುಟ್ಟುವ ಗಾಜಿನ ಪುಡಿ. ಗಾಜಿನ ಸಾಂದ್ರತೆ ನೀರಿನ ಸುಮಾರು 2.5 ಪಟ್ಟು. ಹಾಗಾದರೆ ತಾನೇ ಮುಳುಗಬೇಕು ಅಲ್ವಾ? ಮುಳುಗುತ್ತದೆ, ಆದರೆ ಎಷ್ಟು ಹೊತ್ತಿಗೆ ಅನ್ನುವುದೇ ಪ್ರಶ್ನೆ. ಇದಕ್ಕೆ ಸ್ಟೋಕ್ಸ್ ನಿಯಮ ಬೇಕು. ಕಣ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣ. ವ್ಯಾಸ ಹತ್ತನೇ ಒಂದಾದರೆ ವೇಗ ನೂರನೇ ಒಂದು.

ಸಾಧಾರಣ ಉಷ್ಣತೆಯ ನೀರಿಗೆ ಲೆಕ್ಕ ಹಾಕಿ ನೋಡಿ. 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರನೇ ಒಂದು) ಗಾತ್ರದ ಗಾಜಿನ ಕಣ ಸೆಕೆಂಡಿಗೆ ಸುಮಾರು 0.08 ಮಿಲಿಮೀಟರ್ ಇಳಿಯುತ್ತದೆ. ಗಂಟೆಗೆ ಸುಮಾರು 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಪರವಾಗಿಲ್ಲ. 1 ಮೈಕ್ರಾನ್ ಕಣ? ಗಂಟೆಗೆ 3 ಮಿಲಿಮೀಟರ್. ಅದೇ ಒಂದು ಅಡಿ ಇಳಿಯಲು 100 ಗಂಟೆ, ನಾಲ್ಕು ದಿನಕ್ಕೂ ಜಾಸ್ತಿ. ಅದೂ ನೀರು ಅಲುಗಾಡದಿದ್ದರೆ. ಪಂಪ್ ಓಡುವ ಟ್ಯಾಂಕಿನಲ್ಲಿ ಅದು ಮುಳುಗುವುದೇ ಇಲ್ಲ ಅಂದುಕೊಳ್ಳಿ. ಅಂಚು ಉಜ್ಜುವ ಗ್ರೈಂಡರಿನ ನೀರು ಹಾಲಿನ ಹಾಗೆ ಬೆಳ್ಳಗೇ ಇರುವುದು ಇದಕ್ಕೇ.

ಆದ್ದರಿಂದ ಗ್ರೈಂಡರ್ ನೀರನ್ನು ವಾಷಿಂಗ್ ಮಷೀನಿನ ಹತ್ತಿರವೂ ಸುಳಿಯಲು ಬಿಡಬಾರದು. ಅದಕ್ಕೆ ಬೇರೆ ಗಸಿ ತೊಟ್ಟಿ ಬೇಕು. ಅಲ್ಲಿ ಪಟಿಕ ಅಥವಾ ಪಾಲಿಮರ್ ಹಾಕಿದರೆ ಸಣ್ಣ ಕಣಗಳು ಗುಂಪುಗೂಡಿ ಬೇಗ ಇಳಿಯುತ್ತವೆ. ಇಲ್ಲವೇ ಸೆಂಟ್ರಿಫ್ಯೂಜ್ ಇಡುತ್ತಾರೆ. ಇನ್ನೊಂದು ವಿಷಯವನ್ನು ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ, ನನ್ನ ಪ್ರಕಾರ ಅದಕ್ಕೆ ಒಂದು ಪುಟವೇ ಕೊಡಬೇಕು: ಅಂಚು ಉಜ್ಜಿದ ಗಾಜು ಒಣಗುವ ಮೊದಲೇ ತೊಳೆಯಬೇಕು. ಪುಡಿ ಒಣಗಿ ಕಚ್ಚಿಕೊಂಡರೆ ಬ್ರಷ್‌ಗೂ ಬಗ್ಗುವುದಿಲ್ಲ.

ಸೋಸುವ ಸರದಿ

ದೊಡ್ಡ ಕಣ್ಣಿನದು ಮೊದಲು, ಸಣ್ಣದು ಕೊನೆಗೆ. ಪಂಪ್ ಎಳೆಯುವ ಬಾಯಿಗೆ ಸ್ಟೀಲ್ ಜಾಲರಿ, ಗಾಜಿನ ಚೂರು ಪಂಪ್ ಸೇರದ ಹಾಗೆ. ಪಂಪಿನ ನಂತರ ಬ್ಯಾಗ್ ಫಿಲ್ಟರ್, ಅಂದರೆ ಸೋಸುವ ಚೀಲ. ಜಾಲಿಸುವ ಭಾಗಕ್ಕೆ ಹೋಗುವ ಸಾಲಿನಲ್ಲಿ 5 ಅಥವಾ 10 ಮೈಕ್ರಾನ್ ಕಾರ್ಟ್ರಿಡ್ಜ್. ನೇರವಾಗಿ 5 ಮೈಕ್ರಾನ್ ಹಾಕಿಬಿಟ್ಟರೆ ಒಳ್ಳೆಯದಲ್ಲವೇ ಅಂತ ಅನ್ನಿಸುತ್ತದೆ. ಕೆಲವೇ ಗಂಟೆಯಲ್ಲಿ ಕಟ್ಟಿಕೊಂಡು ಸ್ಪ್ರೇ ಸೊರಗುತ್ತದೆ. ಆಮೇಲೆ ಯಾರೋ ಸುಮ್ನೆ ಬೈಪಾಸ್ ವಾಲ್ವ್ ತೆಗೆದಿಟ್ಟು ಹೋಗುತ್ತಾರೆ, ಅಲ್ಲಿಗೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಕಾರ್ಟ್ರಿಡ್ಜ್ ಮೇಲೆ "ನಾಮಿನಲ್ 5" ಅಂತ ಬರೆದಿದ್ದರೆ 5 ಮೈಕ್ರಾನ್ ಕಣಗಳಲ್ಲಿ ಒಂದಷ್ಟು ದಾಟಿಕೊಂಡು ಹೋಗುತ್ತವೆ. ಹೆಚ್ಚುಕಡಿಮೆ ಎಲ್ಲವನ್ನೂ ತಡೆಯುವುದು "ಅಬ್ಸಲ್ಯೂಟ್" ಅಂತ ಇದ್ದರೆ ಮಾತ್ರ. ಬೆಲೆ ಜಾಸ್ತಿ.

ಫಿಲ್ಟರಿನ ಹಿಂದೆ ಒಂದು, ಮುಂದೆ ಒಂದು ಪ್ರೆಶರ್ ಗೇಜ್ ಇರಬೇಕು. ವ್ಯತ್ಯಾಸ ನಿಧಾನವಾಗಿ ಏರಿದರೆ ಕೊಳೆ ಹಿಡಿಯುತ್ತಿದೆ ಅಂತ ಅರ್ಥ. ತಯಾರಕರು ಹೇಳಿದ ಮಿತಿಗೆ ಬಂದಾಗ ಬದಲಿಸಿ. ಏರುತ್ತಿದ್ದ ವ್ಯತ್ಯಾಸ ಒಮ್ಮೆಲೇ ಇಳಿದರೆ ಖುಷಿಪಡಬೇಡಿ. ಚೀಲ ಹರಿದಿರಬಹುದು, ಸೀಲ್ ಜಾರಿರಬಹುದು. ಆ ಪುಡಿಯೆಲ್ಲ ಬ್ರಷ್ ಸೇರಿ ಗಾಜಿನ ಮೇಲೆ ಕೂದಲೆಳೆಯಂಥ ಗೀರು ಎಳೆಯುತ್ತದೆ.

ಕರಗಿದ್ದು ಫಿಲ್ಟರಿಗೆ ಸಿಗುವುದಿಲ್ಲ

ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ದರೆ 2000 ತನಕ. ಕುಡಿಯಲು ಸರಿ, ಗಾಜಿಗೆ? ಏರ್ ನೈಫ್ ಕೆಲಸ ಕೆಟ್ಟು ಗಾಜಿನ ಮೇಲೆ 10 ಮೈಕ್ರಾನ್ ದಪ್ಪದ ನೀರಿನ ಪದರ ಉಳಿಯಿತು ಅನ್ನೋಣ. ಒಂದು ಚದರ ಮೀಟರಿಗೆ 10 ಮಿಲಿಲೀಟರ್ ಆಯಿತು. 500 ಟಿಡಿಎಸ್ ನೀರಾದರೆ ಒಣಗಿದ ಮೇಲೆ 5 ಮಿಲಿಗ್ರಾಂ ಉಪ್ಪು ಅಲ್ಲೇ ಕೂರುತ್ತದೆ. 5 ಟಿಡಿಎಸ್ ನೀರಾದರೆ 0.05 ಮಿಲಿಗ್ರಾಂ. ಈ ಲೆಕ್ಕದಲ್ಲಿ ಕಾರ್ಟ್ರಿಡ್ಜ್‌ಗೆ ಜಾಗವೇ ಇಲ್ಲ, ನೋಡಿ. ಕರಗಿದ ಉಪ್ಪು ಎಷ್ಟು ಸಣ್ಣ ಕಣ್ಣಿನ ಕಾರ್ಟ್ರಿಡ್ಜ್ ಇದ್ದರೂ ದಾಟುತ್ತದೆ.

ಇಲ್ಲೇ ಸಾಫ್ಟನರ್ ಬಗ್ಗೆ ಗೊಂದಲ ಆಗುವುದು. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದುಕೊಂಡು ಬದಲಿಗೆ ಸೋಡಿಯಂ ಕೊಡುತ್ತದೆ. ಹೀಟರ್, ನಾಝಲ್‌ಗಳಲ್ಲಿ ಸುಣ್ಣದ ಪದರ ಕಟ್ಟುವುದು ನಿಲ್ಲುತ್ತದೆ. ಆದರೆ ಟಿಡಿಎಸ್ ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಕೊನೆಯ ಜಾಲಿಕೆಗೆ ಸಾಫ್ಟನರ್ ನೀರು ಸಾಕು ಅಂತ ಬರೆದರೆ ಅದು ತಪ್ಪು ಉತ್ತರ. ಅಲ್ಲಿಗೆ ಬೇಕಾದದ್ದು ಆರ್‌ಒ (ಪೊರೆಯ ಮೂಲಕ ಒತ್ತಿ ಸೋಸಿದ) ಅಥವಾ ಡಿಎಂ (ರೆಸಿನ್ ಹರಳುಗಳಿಂದ ಉಪ್ಪು ತೆಗೆದ) ನೀರು. ಆರ್‌ಒ ಸಾಮಾನ್ಯವಾಗಿ ಶೇ. 95ಕ್ಕಿಂತ ಹೆಚ್ಚು ಉಪ್ಪು ತಡೆಯುತ್ತದೆ, ಉಳಿದದ್ದನ್ನು ಡಿಎಂ ರೆಸಿನ್ ಹಿಡಿಯುತ್ತದೆ. ತಡೆದ ಉಪ್ಪಿನ ಜೊತೆ ಆರ್‌ಒ ಹೊರಗೆ ಬಿಡುವ ನೀರನ್ನು ಹಾಳುಮಾಡಬಾರದು ಅಂತ ಮೊದಲ ಸ್ಪ್ರೇಗೆ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೋರ್‌ವೆಲ್‌ಗಿಂತ ಜಾಸ್ತಿ ಉಪ್ಪು ಅದರಲ್ಲಿದೆ, ಬೇಡ.

ಈಗ ಮೀಟರಿಗೆ ಬರೋಣ. ಅದು ಉಪ್ಪನ್ನು ತೂಗುವುದಿಲ್ಲ. ನೀರು ವಿದ್ಯುತ್ ಎಷ್ಟು ಹರಿಸುತ್ತದೆ ಅಂತ ಅಳೆದು, ಅದನ್ನು 0.5ರಿಂದ 0.7ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಗಾಜಿನ ಪುಡಿ ವಿದ್ಯುತ್ ಹರಿಸುವುದಿಲ್ಲ, ಎಣ್ಣೆಯೂ ಇಲ್ಲ. ಅವೆರಡೂ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಕರಗಿದ ಸಿಲಿಕಾ ಕೂಡ ಹೆಚ್ಚುಕಡಿಮೆ ಹಾಗೆಯೇ. ಡಿಎಂ ರೆಸಿನ್ ಸೋಲುವ ಹೊತ್ತಿಗೆ ಮೊದಲು ಜಾರಿಕೊಳ್ಳುವುದೂ ಸಿಲಿಕಾನೇ. ಮೀಟರ್ ಇನ್ನೂ ಒಳ್ಳೆಯ ಅಂಕಿ ತೋರಿಸುತ್ತಿರುವಾಗಲೇ ಕಲೆ ಶುರುವಾಗಿರಬಹುದು. ಬಿಸಿನೀರೂ ಮೋಸ ಮಾಡುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2 ಏರುತ್ತದೆ. ಉಷ್ಣತೆ ಸರಿದೂಗಿಸುವ ವ್ಯವಸ್ಥೆ ಇಲ್ಲದ ಮೀಟರನ್ನು 45 ಡಿಗ್ರಿ ಟ್ಯಾಂಕಿಗೆ ಅದ್ದಿ ಗಾಬರಿಯಾಗಬೇಡಿ.

ಹಿಂದಕ್ಕೆ ಹರಿಯುವ ನೀರು

ಡಿಎಂ ನೀರು ದುಬಾರಿ. ಹಾಗಾಗಿ ಹೊಸ ನೀರನ್ನು ಕೊನೆಯ ಜಾಲಿಕೆಗೆ ಮಾತ್ರ ಬಿಟ್ಟು, ಅಲ್ಲಿಂದ ತುಂಬಿ ಹರಿದದ್ದನ್ನು ಹಿಂದಿನ ಟ್ಯಾಂಕಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಕಳಿಸುತ್ತಾರೆ. ಗಾಜು ಮುಂದಕ್ಕೆ, ನೀರು ಹಿಂದಕ್ಕೆ. ಉದಾಹರಣೆಗೆ, ಒಂದು ಚದರ ಮೀಟರ್ ಗಾಜು 0.1 ಲೀಟರ್ ಕೊಳೆ ನೀರು ಹೊತ್ತು ಬರುತ್ತದೆ, ನಾವು 2 ಲೀಟರ್ ಹೊಸ ನೀರು ಕೊಡುತ್ತೇವೆ ಅನ್ನಿ. ಒಂದೇ ಟ್ಯಾಂಕ್ ಇದ್ದರೆ ಕೊಳೆ ಸುಮಾರು 20ನೇ ಒಂದಾಗುತ್ತದೆ. ಎದುರು ಹರಿವಿನ ಎರಡು ಟ್ಯಾಂಕ್ ಇದ್ದರೆ ಅದೇ 2 ಲೀಟರಿನಲ್ಲಿ ಸುಮಾರು 400ನೇ ಒಂದು. ಪರೀಕ್ಷೆಗೆ ಇದನ್ನು ಕಲಿತಿಟ್ಟುಕೊಳ್ಳಿ.

ರಜೆಯಲ್ಲಿ ನಿಂತ ಬೆಚ್ಚಗಿನ ನೀರಿನಲ್ಲಿ ಲೋಳೆ ಬೆಳೆಯುತ್ತದೆ. ಕಾರ್ಟ್ರಿಡ್ಜ್ ಮುಟ್ಟಿದರೆ ಜಾರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಮಷೀನ್ ನಿಲ್ಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ ತೊಳೆಯುವುದೇ ಅಗ್ಗದ ದಾರಿ.

ಕಲೆ ನೋಡಿ ಕಾರಣ ಹುಡುಕುವುದು

ಗಾಜನ್ನು ಕಪ್ಪು ಹಿನ್ನೆಲೆಯ ಮುಂದೆ ಹಿಡಿದು ಟಾರ್ಚನ್ನು ಓರೆಯಾಗಿ ಬಿಡಿ. ಬೆರಳಿಗೆ ಬಿಳಿ ಪುಡಿ ಅಂಟಿದರೆ ಸೋಸುವುದರಲ್ಲಿ ಲೋಪ. ಅಂಚು ದಪ್ಪಗಿರುವ ದುಂಡು ಕಲೆಯಾದರೆ ಹನಿ ಒಣಗಿದೆ, ಉಪ್ಪು ಕೂತಿದೆ. ಅದಕ್ಕೆ ಸ್ವಲ್ಪ ವಿನೆಗರ್ ಹಚ್ಚಿ. ಹೋದರೆ ಹೆಚ್ಚಾಗಿ ಕ್ಯಾಲ್ಸಿಯಂ. ಹೋಗದಿದ್ದರೆ ಸಿಲಿಕಾ ಮೇಲೆ ಅನುಮಾನ ಇಟ್ಟು ರೆಸಿನ್ ಪರೀಕ್ಷಿಸಿ. ಗಾಜು ಸಾಗುವ ದಿಕ್ಕಿನಲ್ಲಿ ಉದ್ದ ಪಟ್ಟೆ ಇದ್ದರೆ ನಾಝಲ್ ಅಥವಾ ಏರ್ ನೈಫಿನ ಸೀಳು ಕಟ್ಟಿಕೊಂಡಿದೆ. ಅಲ್ಲಿ ನೀರಿನ ಗುಣಕ್ಕೆ ಬೈದು ಪ್ರಯೋಜನವಿಲ್ಲ.

ತೊಳೆದಾಗ ಚೆನ್ನಾಗಿದ್ದು, ಜೋಡಿಸಿಟ್ಟು ಕೆಲವು ದಿನದ ನಂತರ ಮಸುಕು ಅಥವಾ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಬೇರೆಯೇ ಕಥೆ. ಹಾಳೆಗಳ ನಡುವೆ ಸಿಕ್ಕ ತೇವ ಗಾಜಿನೊಳಗಿನ ಸೋಡಿಯಂ ಎಳೆದು ಕ್ಷಾರವಾಗಿ ಗಾಜನ್ನೇ ತಿಂದಿದೆ. ಫಿಲ್ಟರ್ ಬದಲಿಸಿ ಅದು ನಿಲ್ಲುವುದಿಲ್ಲ. ಏರ್ ನೈಫಿಗೆ ಗಾಳಿ ಊದುವ ಬ್ಲೋವರ್ ಸರಿಮಾಡಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.