ಪ್ಯಾಸಿವ್ ವಾಯ್ಸ್: ಮಾಡಿದವರ ಹೆಸರು ಬೇಡವಾದಾಗ

"ಮುಂದಿನ ಕ್ರಾಸ್‌ನಲ್ಲಿ ರೋಡ್ ಅಗೆದಿದ್ದಾರೆ, ಈ ಕಡೆಯಿಂದ ಹೋಗಿ" ಅಂತ ಯಾರಾದರೂ ಹೇಳಿದರೆ, "ಯಾರು ಅಗೆದಿದ್ದಾರೆ?" ಅಂತ ನಾವು ಕೇಳುವುದಿಲ್ಲ. "ಕರೆಂಟ್ ತೆಗೆದಿದ್ದಾರೆ", "ನೀರು ಬಿಟ್ಟಿದ್ದಾರೆ", "ಪರೀಕ್ಷೆ ಮುಂದಕ್ಕೆ ಹಾಕಿದ್ದಾರೆ" ಎಲ್ಲವೂ ಇದೇ ಥರ. ಮಾಡಿದವರು ಯಾರೋ ಇದ್ದಾರೆ, ಆದರೆ ಅವರ ಹೆಸರು ನಮಗೆ ಬೇಕಿಲ್ಲ. ಕನ್ನಡದಲ್ಲಿ ಕರ್ತೃವನ್ನು ಸುಮ್ನೆ ಬಿಟ್ಟುಬಿಡಬಹುದು. ಇಂಗ್ಲಿಷಿನಲ್ಲಿ ಹಾಗೆ ಬಿಡೋಕಾಗಲ್ಲ, ವಾಕ್ಯದ ಶುರುವಿನಲ್ಲಿ ಏನಾದರೂ ಇರಲೇಬೇಕು. ಅದಕ್ಕೇ ಅವರು ರೋಡನ್ನೇ ತಂದು ಮುಂದೆ ಕೂರಿಸುತ್ತಾರೆ: "ದಿ ರೋಡ್ ಹ್ಯಾಸ್ ಬೀನ್ ಡಗ್ ಅಪ್." ಪ್ಯಾಸಿವ್ ವಾಯ್ಸ್ ಅಂದರೆ ಇಷ್ಟೇ.

ನಮಗೆ ಪಾಠ ಶುರುವಾಗುವುದು ಬೇರೆ ಕಡೆಯಿಂದ. "ರಾಮನು ರಾವಣನನ್ನು ಕೊಂದನು", "ರಾಮನಿಂದ ರಾವಣನು ಕೊಲ್ಲಲ್ಪಟ್ಟನು." ಈ "ಅಲ್ಪಟ್ಟನು" ಮನೆಯಲ್ಲಿ ಯಾರೂ ಆಡುವ ಮಾತಲ್ಲ, ಅಲ್ವಾ? ಹಾಗಾಗಿ ಪ್ಯಾಸಿವ್ ಅಂದರೆ ಪರೀಕ್ಷೆಗೆ ಮಾತ್ರ ಬೇಕಾದ ಸರ್ಕಸ್ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಇಂಗ್ಲಿಷಿನಲ್ಲಿ ಅದು ದಿನನಿತ್ಯದ ಮಾತು. ಕನ್ನಡದಲ್ಲಿ ಕರ್ತೃ ಇಲ್ಲದೆ "ಇದ್ದಾರೆ", "ದ್ರು" ಅಂತ ಮುಗಿಯುವ ಮಾತು ಬಾಯಿಗೆ ಬಂದಾಗಲೆಲ್ಲ, ಇಂಗ್ಲಿಷಿನಲ್ಲಿ ಪ್ಯಾಸಿವ್ ಬೇಕಾಗಬಹುದು ಅಂತ ಯೋಚಿಸಿ. "ನನ್ನ ಪರ್ಸ್ ಕದ್ಬಿಟ್ರು" ಅನ್ನೋದು "ಮೈ ಪರ್ಸ್ ಹ್ಯಾಸ್ ಬೀನ್ ಸ್ಟೋಲನ್" ಆಗುತ್ತದೆ. "ದೇ ಸ್ಟೋಲ್ ಮೈ ಪರ್ಸ್" ಅಂದರೆ ಕೇಳುವವರು ಆ "ದೇ" ಯಾರು ಅಂತ ಹುಡುಕುತ್ತಾರೆ.

ಕಟ್ಟುವ ರೀತಿ

ಎರಡೇ ಸಾಮಾನು. ಒಂದು "ಬಿ" ಕ್ರಿಯಾಪದದ ಯಾವುದಾದರೂ ರೂಪ, ಇನ್ನೊಂದು ಮುಖ್ಯ ಕ್ರಿಯಾಪದದ ಮೂರನೇ ರೂಪ, ಅಂದರೆ ಶಾಲೆಯಲ್ಲಿ ಹೇಳಿಕೊಡುವ ವಿ ಥ್ರೀ. ಕಾಲ ಯಾವುದೇ ಇರಲಿ, ವಿ ಥ್ರೀ ಅಲ್ಲಾಡುವುದಿಲ್ಲ. ಬದಲಾಗುವುದು ಅದಕ್ಕಿಂತ ಮೊದಲು ಬರುವ ಭಾಗ ಮಾತ್ರ.

ಗ್ಯಾರೇಜಿಗೆ ಬಿಟ್ಟ ಒಂದು ಬೈಕನ್ನೇ ತೆಗೆದುಕೊಳ್ಳೋಣ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವ ರೂಢಿ ಇದ್ದರೆ "ದಿ ಬೈಕ್ ಈಸ್ ಸರ್ವಿಸ್ಡ್ ಎವ್ರಿ ಇಯರ್." ಮೆಕ್ಯಾನಿಕ್ ಈಗ ಅದರ ಪಕ್ಕ ಕೂತು ಕೆಲಸ ಮಾಡುತ್ತಿದ್ದರೆ "ಇಟ್ ಈಸ್ ಬೀಯಿಂಗ್ ರಿಪೇರ್ಡ್." ಕೆಲಸ ಮುಗಿದಿದೆ, ಹೋಗಿ ತರಬಹುದು ಅಂದರೆ "ಇಟ್ ಹ್ಯಾಸ್ ಬೀನ್ ರಿಪೇರ್ಡ್." ಮುಗಿದದ್ದು ನಿನ್ನೆ ಅಂತ ದಿನ ಹೇಳಿದರೆ "ಇಟ್ ವಾಸ್ ರಿಪೇರ್ಡ್ ಯೆಸ್ಟರ್‌ಡೇ." ನೀವು ಹೋದಾಗ ಇನ್ನೂ ಬಿಚ್ಚಿಟ್ಟುಕೊಂಡು ಕೂತಿದ್ದರೆ "ಇಟ್ ವಾಸ್ ಬೀಯಿಂಗ್ ರಿಪೇರ್ಡ್ ವೆನ್ ಐ ವೆಂಟ್ ದೇರ್." ನಾಳೆ ಆಗುತ್ತೆ ಅಂದರೆ "ಇಟ್ ವಿಲ್ ಬಿ ರಿಪೇರ್ಡ್." ಕ್ಯಾನ್, ಮಸ್ಟ್, ಶುಡ್ ಬಂದರೂ ಅಷ್ಟೇ, ಅದಾದ ಮೇಲೆ "ಬಿ" ಸೇರಿಸಿ: "ಇಟ್ ಮಸ್ಟ್ ಬಿ ರಿಪೇರ್ಡ್."

ನಮ್ಮಲ್ಲಿ ಜಾಸ್ತಿ ಜನ ಎಡವುವುದು "ಈಸ್ ಬೀಯಿಂಗ್" ಹತ್ತಿರ. ಕನ್ನಡದಲ್ಲಿ "ಬೈಕ್ ರಿಪೇರಿ ಆಗ್ತಿದೆ" ಅನ್ನುತ್ತೇವೆ. ಈ "ಆಗ್ತಿದೆ"ಯನ್ನು ಹಾಗೇ ಇಳಿಸಿ "ಮೈ ಬೈಕ್ ಈಸ್ ರಿಪೇರಿಂಗ್" ಅಂದುಬಿಟ್ಟರೆ, ಬೈಕೇ ಸ್ಪ್ಯಾನರ್ ಹಿಡಿದು ಇನ್ನೇನನ್ನೋ ರಿಪೇರಿ ಮಾಡುತ್ತಿದೆ ಅಂತ ಅರ್ಥ ಬರುತ್ತದೆ. "ರೋಡ್ ಈಸ್ ಕನ್‌ಸ್ಟ್ರಕ್ಟಿಂಗ್" ಕೂಡ ಇದೇ ತಪ್ಪು. ಕೆಲಸ ಆ ವಸ್ತುವಿನ ಮೇಲೆ ನಡೆಯುತ್ತಿದೆಯೋ, ಆ ವಸ್ತುವೇ ಕೆಲಸ ಮಾಡುತ್ತಿದೆಯೋ ಅಂತ ಒಮ್ಮೆ ಕೇಳಿಕೊಳ್ಳಿ. ಮೇಲೆ ನಡೆಯುತ್ತಿದ್ದರೆ "ಬೀಯಿಂಗ್" ಬೇಕೇ ಬೇಕು.

ಪ್ಯಾಸಿವ್ ಆಗದ ಕ್ರಿಯಾಪದಗಳು

ಮುಂದೆ ಕೂರಿಸೋಕೆ ಒಂದು ಕರ್ಮ, ಅಂದರೆ ಕೆಲಸ ಯಾವುದರ ಮೇಲೆ ನಡೆಯುತ್ತದೋ ಅದು, ಇರಬೇಕಲ್ಲ. ಗೋ, ಕಮ್, ಸ್ಲೀಪ್, ಅರೈವ್, ಡೈ, ಹ್ಯಾಪನ್ ಇವಕ್ಕೆ ಕರ್ಮವೇ ಇಲ್ಲ. ಆದರೂ "ಆನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್", "ಹಿ ವಾಸ್ ಡೈಡ್" ಅನ್ನುವುದು ಎಲ್ಲೆಲ್ಲೂ ಕೇಳಿಸುತ್ತದೆ. "ಆನ್ ಆಕ್ಸಿಡೆಂಟ್ ಹ್ಯಾಪನ್ಡ್", "ಹಿ ಡೈಡ್" ಅಷ್ಟೇ ಸಾಕು, ವಾಸ್ ಬೇಡ. "ಹಿ ವಾಸ್ ಕಿಲ್ಡ್" ಮಾತ್ರ ಸರಿ, ಯಾಕೆಂದರೆ ಕೊಲ್ಲುವುದಕ್ಕೆ ಕರ್ಮ ಇದೆ. ಕರ್ಮ ಇದ್ದೂ ಒಪ್ಪದ ಕೆಲವು ಹಟಮಾರಿಗಳೂ ಇವೆ. ಹ್ಯಾವ್, ಲ್ಯಾಕ್, ರಿಸೆಂಬಲ್ ಆ ಗುಂಪಿನವು. "ಐ ಹ್ಯಾವ್ ಎ ಕಾರ್" ಅನ್ನುವುದನ್ನು "ಎ ಕಾರ್ ಈಸ್ ಹ್ಯಾಡ್ ಬೈ ಮಿ" ಅಂತ ತಿರುಗಿಸುವಂತಿಲ್ಲ.

"ಬೈ" ಯಾವಾಗ?

ಶಾಲೆಯ ಅಭ್ಯಾಸದಿಂದ ಎಲ್ಲ ವಾಕ್ಯಕ್ಕೂ ಕೊನೆಯಲ್ಲಿ "ಬೈ" ಅಂಟಿಸುವ ಚಟ ನಮಗಿದೆ. "ಬೈ ಸಮ್‌ಒನ್", "ಬೈ ದೆಮ್", "ಬೈ ಪೀಪಲ್" ಇವೆಲ್ಲ ಬಹುಪಾಲು ದಂಡ. "ಮೈಸೂರ್ ಸ್ಟೇಟ್ ವಾಸ್ ರೀನೇಮ್ಡ್ ಕರ್ನಾಟಕ ಇನ್ 1973." ಇಲ್ಲಿ ಮುಖ್ಯವಾದದ್ದು ರಾಜ್ಯ, ಹೆಸರು, ವರ್ಷ. ಯಾರಿಂದ ಅಂತ ಸೇರಿಸಿದರೆ ವಾಕ್ಯ ಭಾರ ಆಗುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ. ಆದರೆ "ದಿ ಫೌಂಡೇಶನ್ ಸ್ಟೋನ್ ಆಫ್ ವಿಧಾನಸೌಧ ವಾಸ್ ಲೇಯ್ಡ್ ಬೈ ನೆಹರು ಇನ್ 1951" ಅನ್ನುವಲ್ಲಿ ಬೈ ಇರಬೇಕು. ಶಂಕುಸ್ಥಾಪನೆ ಅಂದರೆ ಯಾರು ಮಾಡಿದರು ಅನ್ನುವುದೇ ಸುದ್ದಿ. ಆ ಹೆಸರು ತೆಗೆದು ಓದಿ ನೋಡಿ, ಏನಾದರೂ ಕಳೆದುಹೋದಂತೆ ಅನಿಸಿದರೆ ಬೈ ಉಳಿಸಿಕೊಳ್ಳಿ.

ಉಪಕರಣಕ್ಕೆ ಮಾತ್ರ "ವಿತ್": "ದಿ ಲಾಕ್ ವಾಸ್ ಬ್ರೋಕನ್ ವಿತ್ ಎ ಸ್ಟೋನ್." ಒಡೆದದ್ದು ಕಳ್ಳ, ಕಲ್ಲು ಅವನ ಕೈಯಲ್ಲಿತ್ತು. ಬೈ ಬದಲು ಬೇರೆ ಪದ ಬರುವ ಜೋಡಿಗಳೂ ಇವೆ: "ನೋನ್ ಟು", "ಫಿಲ್ಡ್ ವಿತ್", "ಇಂಟರೆಸ್ಟೆಡ್ ಇನ್". ಇವನ್ನು ಉರು ಹೊಡೆಯುವುದೇ ದಾರಿ.

ಎರಡು ಕರ್ಮ ಇದ್ದಾಗ

ಗಿವ್, ಆಫರ್, ಟೀಚ್, ಪೇ ಇವುಗಳಿಗೆ ಎರಡು ಕರ್ಮ. "ದೇ ಗೇವ್ ಮಿ ಎ ಪ್ರೈಜ್" ಅನ್ನುವುದನ್ನು ಎರಡು ಥರ ತಿರುಗಿಸಬಹುದು: "ಎ ಪ್ರೈಜ್ ವಾಸ್ ಗಿವನ್ ಟು ಮಿ" ಅಥವಾ "ಐ ವಾಸ್ ಗಿವನ್ ಎ ಪ್ರೈಜ್." ನಾವು ಮೊದಲನೆಯದನ್ನೇ ಹಿಡಿಯುತ್ತೇವೆ. ಬಹುಮಾನ ಬಂದದ್ದು "ನನಗೆ", ನಾನು ಅಲ್ಲಿ ಚತುರ್ಥಿ ವಿಭಕ್ತಿಯಲ್ಲಿ ಕೂತಿದ್ದೇನೆ, "ನಾನು" ಆಗಿ ಮುಂದೆ ಬರುವುದು ಹೇಗೆ ಅಂತ ಕನ್ನಡದ ಕಿವಿ ತಡೆಯುತ್ತದೆ. ಇಂಗ್ಲಿಷಿಗೆ ಆ ತೊಂದರೆ ಇಲ್ಲ. ಅಲ್ಲಿ ಎರಡನೆಯದೇ ಜಾಸ್ತಿ ಸಹಜ. "ಐ ವಾಸ್ ಟೋಲ್ಡ್", "ಐ ವಾಸ್ ಪೇಯ್ಡ್", "ಶಿ ವಾಸ್ ಆಫರ್ಡ್ ಎ ಜಾಬ್" ಇವನ್ನು ಬಾಯಿಗೆ ರೂಢಿ ಮಾಡಿಕೊಂಡರೆ ಇಂಟರ್‌ವ್ಯೂನಲ್ಲಿ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಗೆ ಬೇಕಾದ ಚಿಲ್ಲರೆ

ಆಜ್ಞೆ ಬಂದರೆ "ಲೆಟ್": "ಕ್ಲೋಸ್ ದಿ ಡೋರ್" ಅನ್ನುವುದು "ಲೆಟ್ ದಿ ಡೋರ್ ಬಿ ಕ್ಲೋಸ್ಡ್" ಆಗುತ್ತದೆ. ಹೀಗೆ ಯಾರೂ ಮಾತಾಡುವುದಿಲ್ಲ, ಅಂಕಕ್ಕಾಗಿ ಬರೆಯಿರಿ. "ಪ್ಲೀಸ್" ಇದ್ದರೆ "ಯು ಆರ್ ರಿಕ್ವೆಸ್ಟೆಡ್ ಟು" ಅಂತ ಶುರು ಮಾಡಿ. "ಹೂ ಬಿಲ್ಟ್ ಗೋಲ್ ಗುಂಬಜ್?" ಅಂದರೆ "ಬೈ ಹೂಮ್ ವಾಸ್ ಗೋಲ್ ಗುಂಬಜ್ ಬಿಲ್ಟ್?" "ಲಾಫ್ ಅಟ್", "ಲುಕ್ ಆಫ್ಟರ್" ಥರದ ಜೋಡಿಗಳಲ್ಲಿ ಬಾಲವನ್ನು ಬಿಡಬೇಡಿ: "ಹಿ ವಾಸ್ ಲಾಫ್ಡ್ ಅಟ್ ಬೈ ಎವ್ರಿಒನ್", ಅಟ್ ಕೂಡ ಬೇಕು, ಬೈ ಕೂಡ ಬೇಕು. "ಪೀಪಲ್ ಸೇ" ಅಂತ ಶುರುವಾದರೆ "ಇಟ್ ಈಸ್ ಸೆಡ್ ದ್ಯಾಟ್." ನಮ್ಮ "ಅಂತೆ" ಮಾಡುವ ಕೆಲಸ ಇದು.

ಹೆಸರು ಬೇಕಂತಲೇ ಬಿಟ್ಟಾಗ

ಕರ್ತೃ ಬೇಡವಾದಾಗ ಬಿಡುವುದು ಒಂದು, ಬಚ್ಚಿಡುವುದು ಇನ್ನೊಂದು. 1987ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಇರಾನಿಗೆ ಆಯುಧ ಮಾರಿದ ಹಗರಣದ ಬಗ್ಗೆ ಸಂಸತ್ತಿನ ಮುಂದೆ ಮಾತಾಡುತ್ತಾ "ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್" ಅಂದರು. ಗಂಭೀರ ತಪ್ಪುಗಳು ಆದವು, ಸರಿ. ಮಾಡಿದವರು ಯಾರು? ವ್ಯಾಕರಣದಲ್ಲಿ ಒಂದು ಚೂರೂ ತಪ್ಪಿಲ್ಲ. ರೈಲು ಲೇಟಾದಾಗ ಸ್ಟೇಷನ್ನಿನಲ್ಲಿ ಕೇಳುವ "ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್" ಅಂತೂ ಇನ್ನೂ ಚಂದ. ತೊಂದರೆ ಕೊಟ್ಟವರೂ ಇಲ್ಲ, ವಿಷಾದಿಸುವವರೂ ಇಲ್ಲ. ನೀವು ಕ್ಷಮೆ ಕೇಳಿ ಪತ್ರ ಬರೆಯುವಾಗ "ಐ ಆಮ್ ಸಾರಿ" ಅಂತಲೇ ಬರೆಯಿರಿ. ಹಾಗಂತ ಪ್ಯಾಸಿವ್ ಯಾವಾಗಲೂ ಕೆಟ್ಟದ್ದು ಅನ್ನುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ "ದಿ ಸೊಲ್ಯೂಶನ್ ವಾಸ್ ಹೀಟೆಡ್" ಅಂತ ಬರೆಯುವುದೇ ಸರಿ. ಕಾಯಿಸಿದವರು ಯಾರಾದರೇನು?

ಓದುವಾಗ ಉಪಯೋಗಕ್ಕೆ ಬರುವ ಇನ್ನೊಂದು ವಿಷಯ. ಇಂಗ್ಲಿಷ್ ಪೇಪರಿನ ತಲೆಬರಹಗಳಲ್ಲಿ "ಬಿ"ಯನ್ನು ಕಿತ್ತುಹಾಕಿರುತ್ತಾರೆ. "ಟೂ ಅರೆಸ್ಟೆಡ್" ಅಂತ ನೋಡಿ "ಇಬ್ಬರು ಬಂಧಿಸಿದರು" ಅಂದುಕೊಂಡರೆ ಕಥೆ ತಲೆಕೆಳಗಾಗುತ್ತದೆ. ಅದು "ಟೂ ವರ್ ಅರೆಸ್ಟೆಡ್." ಆಕ್ಟಿವ್ ತಲೆಬರಹಗಳಲ್ಲಿ ನಿನ್ನೆ ನಡೆದದ್ದನ್ನೂ ಸಾಮಾನ್ಯವಾಗಿ ವರ್ತಮಾನದಲ್ಲೇ ಬರೆಯುತ್ತಾರೆ: "ಪೊಲೀಸ್ ಅರೆಸ್ಟ್ ಟೂ." ಹಾಗಾಗಿ ತಲೆಬರಹದಲ್ಲಿ ಹೆಸರಿನ ಪಕ್ಕದಲ್ಲೇ "ಎಡ್" ಬಾಲದ ಕ್ರಿಯಾಪದ ಕಂಡರೆ, ಹೆಚ್ಚಿನ ಸಲ ಅದು ಪ್ಯಾಸಿವ್.