ಮಂಜಿನಲ್ಲಿ ಮೊಣಕಾಲೆತ್ತರದ ದೀಪ

ಅಕ್ಟೋಬರ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅಜ್ಜಿಯನ್ನು ಮಡಿಕೇರಿಯ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಮರೆವಿನ ಕಾಯಿಲೆ. ನನ್ನ ಹೆಸರು ಮರೆತರೂ ಡೇಲಿಯಾ ಗಿಡದ ಹೆಸರು ಮರೆತಿಲ್ಲ. ಕತ್ತಲಾಗುತ್ತಿದ್ದಂತೆ ಎತ್ತರದ ಕಂಬಗಳ ಬಿಳಿ ಲೈಟುಗಳು ಒಟ್ಟಿಗೆ ಹತ್ತಿಕೊಂಡವು. ಅಜ್ಜಿ ಗಕ್ಕನೆ ನಿಂತರು. "ಗುಂಡಿ ಇದೆ ಮಗ, ನಾ ಬರಲ್ಲ." ಗುಂಡಿ ಎಲ್ಲಿತ್ತು? ಬೇಲಿ ಕಂಬಿಗಳ ನೆರಳು ದಾರಿಗೆ ಅಡ್ಡವಾಗಿ ಬಿದ್ದಿತ್ತು, ಅಷ್ಟೇ. ಅದರ ಮೇಲೆ ನಿಂತು ಕುಣಿದು ತೋರಿಸಿದರೂ ಅವರು ನಂಬಲಿಲ್ಲ.

ಇದು ಹಟ ಅಲ್ಲ. ಮರೆವಿನ ಕಾಯಿಲೆಯಲ್ಲಿ ನೆಲದ ಕಪ್ಪು ಪಟ್ಟೆಯನ್ನು ಮಿದುಳು ಹಳ್ಳ ಅಂತಲೇ ಓದಿಕೊಳ್ಳುವುದುಂಟು. ಜೊತೆಗೆ ಕಣ್ಣಿಗೂ ವಯಸ್ಸಾಗಿರುತ್ತದೆ. ಪಾಪೆ ಚಿಕ್ಕದಾಗಿ, ಮಸೂರ ಹಳದಿಯಾಗಿ, 60ರ ಕಣ್ಣಿನ ಒಳಪರದೆಗೆ 20ರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ತಲುಪುತ್ತದೆ. ಹಾಗಾದರೆ ಲೈಟು ಜಾಸ್ತಿ ಮಾಡಿದರೆ ಆಯ್ತಲ್ಲ ಅನ್ನಬಹುದು. ಆಗಲ್ಲ. ಅದೇ ಮಸೂರ ಬೆಳಕನ್ನು ಒಳಗೇ ಚೆದುರಿಸುತ್ತದೆ, ಬಲ್ಬು ನೇರ ಕಣ್ಣಿಗೆ ಬಿದ್ದರೆ ಕೋರೈಸಿ ದಾರಿಯೇ ಕಾಣುವುದಿಲ್ಲ. ದಾರಿ ಕಾಣಬೇಕು, ಬಲ್ಬು ಕಾಣಬಾರದು.

ನಮ್ಮ ಕೊಡಗಿನಲ್ಲಿ ಇದಕ್ಕೆ ಮಂಜೂ ಸೇರಿಕೊಳ್ಳುತ್ತದೆ. ಮಂಜಿಗೆ ಹಳದಿ ಲೈಟೇ ಸರಿ, ಅದು ತೂರಿಕೊಂಡು ಹೋಗುತ್ತೆ ಅಂತ ಜೀಪ್ ಓಡಿಸುವವರೆಲ್ಲ ಹೇಳುತ್ತಾರೆ. ಅದು ಅಷ್ಟು ನಿಜವಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು, ಹಾಗಾಗಿ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚೆದುರಿಸುತ್ತದೆ (ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ). ಬಣ್ಣಕ್ಕಿಂತ ಮುಖ್ಯ ಎತ್ತರ. ಟಾರ್ಚನ್ನು ಹಣೆಯ ಹತ್ತಿರ ಹಿಡಿದು ನೋಡಿ, ಎದುರಿಗೆ ಬಿಳಿ ಗೋಡೆ. ಮೊಣಕಾಲಿನ ಹತ್ತಿರ ಇಳಿಸಿ, ಕಲ್ಲು ಹುಲ್ಲು ಎಲ್ಲ ಕಾಣುತ್ತದೆ. ಬೆಳಕು ಹೋಗುವ ದಾರಿ ಮತ್ತು ನಾವು ನೋಡುವ ದಾರಿ ಬೇರೆ ಬೇರೆಯಾದಾಗ ಚೆದುರಿದ ಬೆಳಕು ಅಷ್ಟಾಗಿ ಕಣ್ಣಿಗೆ ವಾಪಸ್ ಬರುವುದಿಲ್ಲ. ಅದಕ್ಕೇ ಅಜ್ಜಿಯಂಥವರು ತಿರುಗಾಡುವ ತೋಟಕ್ಕೆ ಎತ್ತರದ ಕಂಬಕ್ಕಿಂತ ಮೇಲೆ ಟೋಪಿ ಇರುವ, ನೆಲಕ್ಕಷ್ಟೇ ಬೆಳಕು ಚೆಲ್ಲುವ ಗಿಡ್ಡ ದೀಪಗಳು ಒಳ್ಳೆಯದು, ಅದೂ ಒಂದರ ಬೆಳಕು ಮುಗಿಯುವ ಮೊದಲೇ ಇನ್ನೊಂದರದ್ದು ಶುರುವಾಗುವಷ್ಟು ಹತ್ತಿರ ಹತ್ತಿರ. ನಡುವೆ ಕತ್ತಲೆಯ ಪಟ್ಟೆ ಬಿದ್ದರೆ ಮತ್ತೆ ಅದೇ ಗುಂಡಿ.

ಹಾಗಂತ ಬಣ್ಣ ಲೆಕ್ಕಕ್ಕೇ ಇಲ್ಲ ಅಂತಲ್ಲ, ಅದರ ಕಾರಣ ಬೇರೆ. ಬಿಳಿ ಎಲ್‌ಇಡಿ ಒಳಗಿರುವುದು ನೀಲಿ ಬೆಳಕು ಕೊಡುವ ಚಿಪ್, ಮೇಲೆ ಹಳದಿ ಪುಡಿಯ ಲೇಪ. ಕಣ್ಣಿನಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ಹಗಲೋ ರಾತ್ರಿಯೋ ಅಂತ ಮಿದುಳಿಗೆ ತಿಳಿಸುವ ಕೆಲವು ಜೀವಕೋಶಗಳಿವೆ, ಇಲಿಗಳಲ್ಲಿ ಇವು ಖಚಿತವಾದದ್ದು 2002ರಲ್ಲಿ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಇವು ಜಾಸ್ತಿ ಸ್ಪಂದಿಸುತ್ತವೆ. ನಿದ್ದೆಗೆ ಸಿದ್ಧಮಾಡುವ ಮೆಲಟೋನಿನ್ ಆಗ ಕಡಿಮೆಯಾಗುತ್ತದೆ. ಅರ್ಧ ಗಂಟೆ ವಾಕ್ ಮಾಡಿದ್ದಕ್ಕೇ ನಿದ್ದೆ ಹಾಳು ಅಂತ ಹೆದರಿಸುವುದಿಲ್ಲ, ಆದರೆ ಆಸ್ಪತ್ರೆ ತೋಟದ ಫ್ಲಡ್‌ಲೈಟು ರಾತ್ರಿಯಿಡೀ ವಾರ್ಡಿನ ಕಿಟಕಿಗೆ ಬಡಿಯುತ್ತಿದ್ದರೆ ಖಂಡಿತ ತೊಂದರೆ. ಅಂಗಡಿಯಲ್ಲಿ 6500ಕೆ ಬೇಡ, 2700ಕೆ ಕೊಡಿ ಅನ್ನಿ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ನೀಲಿ ಕಡಿಮೆ).

ಇನ್ನು, ಕೆಲವು ಕಡೆ ದೀಪವೇ ಬೇಡ. ಹುಣ್ಣಿಮೆ ಬೆಳಕು ಅರ್ಧ ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಕೂಡ ಇರುವುದಿಲ್ಲ, ಆದರೂ ಹೂಮಳೆ ಬಿದ್ದ ಮೇಲೆ ಅರಳಿದ ಕಾಫಿ ತೋಟ ಆ ಬೆಳಕಿನಲ್ಲೇ ಮೊಸರು ಚೆಲ್ಲಿದ ಹಾಗೆ ಕಾಣುತ್ತದೆ ಅಲ್ವಾ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ತೋಟದ ಒಂದು ಮೂಲೆಯನ್ನು ಹೀಗೇ ಬಿಟ್ಟು, ಹಿಡಿದುಕೊಳ್ಳಲು ಒಂದು ಕಟಕಟೆ, ಪಕ್ಕದಲ್ಲಿ ಮಲ್ಲಿಗೆ, ರಾತ್ರಿರಾಣಿ ಹಾಕಿದರೆ ಮಿಣುಕು ಹುಳಗಳಿಗೂ ಜಾಗ ಸಿಗುತ್ತದೆ. ಜೋರು ಲೈಟಿದ್ದರೆ ಅವಕ್ಕೆ ಒಂದರ ಮಿಂಚು ಇನ್ನೊಂದಕ್ಕೆ ಕಾಣದೆ ಜೋಡಿ ಸಿಗುವುದೇ ಕಷ್ಟ.

ಈಗ ಅಜ್ಜಿ ಜೊತೆ ನಮ್ಮ ಅಂಗಳದಲ್ಲೇ ತಿರುಗುತ್ತೇನೆ, ಟಾರ್ಚ್ ಮೊಣಕಾಲ ಹತ್ತಿರ ಹಿಡಿದುಕೊಂಡು. ಮೊನ್ನೆ ಅವರೇ ನನ್ನ ಕೈ ಬಗ್ಗಿಸಿ ಟಾರ್ಚನ್ನು ಇನ್ನೂ ಕೆಳಗೆ ಮಾಡಿಸಿದರು.