ಬೋರ್ಡೋ ಔಷಧಿಯ ಊರಿಗೆ ಹೊರಟವರಿಗೆ

"ಅಲ್ಲ ಮಾರಾಯ್ರೇ, ಬೋರ್ಡೋ ಅಂತ ಊರೇ ಇದ್ಯಾ?"

ಹೊಸನಗರ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನನ್ನ ಪ್ರವಾಸ ಕಚೇರಿಯ ಗೋಡೆಯಲ್ಲಿದ್ದ ಫ್ರಾನ್ಸ್ ನಕ್ಷೆ ನೋಡಿ ಹೀಗೆ ಕೇಳಿದರು. ಅವರು ಬಂದಿದ್ದು ಪ್ಯಾರಿಸ್, ಸ್ವಿಟ್ಜರ್ಲೆಂಡ್ ಪ್ಯಾಕೇಜ್ ವಿಚಾರಿಸಲು. ನಕ್ಷೆಯ ಎಡಗಡೆ, ಸಮುದ್ರದ ಹತ್ತಿರ, ಆ ಹೆಸರು ಕಣ್ಣಿಗೆ ಬಿತ್ತು. 40 ಮಳೆಗಾಲ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಿದವರು ಅವರು. ಆ ಹೆಸರಿನ ಊರೊಂದಿದೆ ಎಂದು ಯಾರೂ ಹೇಳಿರಲಿಲ್ಲ.

ಇದೆ. ಔಷಧಿಗೆ ಹೆಸರು ಬಂದಿದ್ದೇ ಆ ಊರಿನಿಂದ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲ್ಲಾರ್ಡೆ ಅವರು ಅದೇ ಊರಿನ ಹತ್ತಿರದ ಮೆಡೊಕ್ ಭಾಗದ ವೈನ್ ದ್ರಾಕ್ಷಿ ತೋಟಗಳನ್ನು ನೋಡುತ್ತಾ ಹೋಗುತ್ತಿದ್ದರು. ಡೌನಿ ಎಂಬ ಬೂಜು ರೋಗ ಬಂದು ಬಳ್ಳಿಗಳ ಎಲೆ ಉದುರಿತ್ತು. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ಇತ್ತು. ವಿಚಾರಿಸಿದಾಗ ಗೊತ್ತಾಯಿತು: ದಾರಿಯಲ್ಲಿ ಹೋಗುವವರು ಹಣ್ಣು ಕಿತ್ತು ತಿನ್ನಬಾರದೆಂದು ತೋಟದವರು ಆ ಸಾಲುಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚಿದ್ದರು. ಅದೇ ಮಿಶ್ರಣವನ್ನು ಪರೀಕ್ಷೆ ಮಾಡಿ 1885ರಲ್ಲಿ ಮಿಲ್ಲಾರ್ಡೆ ಪ್ರಕಟಿಸಿದರು. ಮುಂದೆ 1910ರ ಸುಮಾರಿಗೆ ನಮ್ಮ ಅಡಿಕೆ ಕೊಳೆರೋಗವನ್ನು ಅಧ್ಯಯನ ಮಾಡಿದವರು ಕೆನಡಾದ ಲೆಸ್ಲಿ ಕೋಲ್ಮನ್. ಆಮೇಲೆ ಅವರೇ ಮೈಸೂರು ರಾಜ್ಯದ ಕೃಷಿ ನಿರ್ದೇಶಕರಾದರು. ಕೊಳೆಗೆ ಬೋರ್ಡೋ ಹೊಡೆಯುವ ಪದ್ಧತಿಯನ್ನು ಮಲೆನಾಡಿಗೆ ತೋರಿಸಿಕೊಟ್ಟವರು ಅವರು. ಡೌನಿ ಮತ್ತು ಕೊಳೆ, ಎರಡನ್ನೂ ತರುವ ಜೀವಿಗಳು ಹತ್ತಿರದ ಸಂಬಂಧಿಗಳು. ಅದಕ್ಕೇ ಅಲ್ಲಿಯ ಮದ್ದು ಇಲ್ಲಿಗೂ ಹೊಂದಿತು.

ಇಷ್ಟು ಕೇಳಿದ ಮೇಲೆ ಆ ಹಿರಿಯರು ಸ್ವಿಟ್ಜರ್ಲೆಂಡ್ ಮಾತೇ ಎತ್ತಲಿಲ್ಲ. ಅವರ ಮನೆಯವರಿಗೆ ಮಾತ್ರ ಸ್ವಲ್ಪ ಹಿಂಜರಿಕೆ. "ವೈನ್ ಊರು ಅಂದ್ರೆ ಕುಡಿಯೋಕೆ ಹೋಗೋದು ಅಲ್ವಾ? ನಾವು ಮುಟ್ಟೋರೇ ಅಲ್ಲ."

ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ. ನನ್ನ ಉತ್ತರ ಒಂದೇ. ಮಲೆನಾಡಿನವರು ವೈನ್ ನಾಡಿಗೆ ಬೆಳೆಗಾರರಾಗಿ ಹೋಗಬೇಕು. ಬಾಟಲಿಯ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಮಣ್ಣು, ಬಸಿಗಾಲುವೆ, ಕೊಯ್ಲು, ಕೂಲಿ, ರೋಗ, ದರ, ಇವೆಲ್ಲ ನಮಗೆ ಗೊತ್ತಿರುವ ಮಾತುಗಳೇ. ಅಲ್ಲಿಯ ತೋಟದವರೂ ಇವೇ ಮಾತಿಗೆ ಮನಸ್ಸು ಬಿಚ್ಚುತ್ತಾರೆ.

ರುಚಿಯ ವಿಷಯಕ್ಕೂ ನಮಗೆ ಅರ್ಧ ದಾರಿ ಗೊತ್ತು. ಕೆಂಪು ವೈನ್‌ನಲ್ಲಿ ಟ್ಯಾನಿನ್ ಎಂಬುದಿದೆ. ಹಸಿ ಅಡಿಕೆ ಜಗಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ ಒಗರು. ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಅದೇ ಜಾತಿಯ ವಸ್ತು. ದ್ರಾಕ್ಷಿಯಲ್ಲಿ ಅದು ಸಿಪ್ಪೆ, ಬೀಜದಲ್ಲಿರುತ್ತದೆ. ಸಿಪ್ಪೆಯ ಜೊತೆಗೇ ರಸ ಹುಳಿ ಬಂದರೆ ಬಣ್ಣವೂ ಒಗರೂ ಇಳಿಯುತ್ತದೆ. ಬಿಳಿ ವೈನಿಗೆ ಸಾಮಾನ್ಯವಾಗಿ ಮೊದಲೇ ರಸ ಹಿಂಡಿ ಬೇರೆ ಮಾಡುತ್ತಾರೆ. ಮಣ್ಣಿನಿಂದ ರುಚಿ ಬದಲಾಗುತ್ತದೆ ಎಂದು ಅಲ್ಲಿಯವರು ಹೇಳಿದರೆ ನಮಗೆ ಆಶ್ಚರ್ಯ ಬೇಡ. ಒಂದು ಹೊಳೆಯ ದಂಡೆಯ ಅಪ್ಪೆಮಿಡಿಗೆ ಜೀರಿಗೆ ಪರಿಮಳ, ಇನ್ನೊಂದು ಮರದ್ದಕ್ಕೆ ಕರ್ಪೂರದ ಪರಿಮಳ. ಇದನ್ನು ಮೂಗಿನಲ್ಲೇ ಗುರುತಿಸುವ ಅಜ್ಜಿಯಂದಿರು ನಮ್ಮಲ್ಲಿದ್ದಾರೆ. ಅವರಿಗೆ ವೈನ್ ಪರಿಮಳದ ಪಾಠ ಬೇಕಾಗಿಲ್ಲ.

ಗುಟುಕು ಬಾಯಿಗೆ ಹಾಕಿ, ತಿರುಗಿಸಿ, ಉಗುಳುವುದು ಅಲ್ಲಿ ಅವಮಾನವಲ್ಲ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ವೃತ್ತಿಯವರು ಮಾಡುವುದೂ ಹಾಗೇ. ಅದೂ ಬೇಡವೆಂದರೆ ಸುಮ್ನೆ ಮೂಸಿ ನೋಡಿ ಇಡಿ. ಯಾರೂ ಏನೂ ಅನ್ನುವುದಿಲ್ಲ.

ಆ ದಂಪತಿ ಸೆಪ್ಟೆಂಬರ್‌ನಲ್ಲಿ ಹೋದರು. ಜೊತೆಗೆ ನಾನೂ ಹೋಗಿದ್ದೆ. ಮೆಡೊಕ್ ತೋಟದಲ್ಲಿ ಅವರು ಮೊದಲು ನೋಡಿದ್ದು ಬಳ್ಳಿಯನ್ನಲ್ಲ, ನೆಲವನ್ನು. ಬರೀ ಹರಳು ಕಲ್ಲು. "ಇದ್ರಲ್ಲಿ ಏನು ಬೆಳೀತದೆ?" ಅಂದರು. ಆ ಕಲ್ಲಿನಿಂದಲೇ ನೀರು ಬೇಗ ಬಸಿದು ಹೋಗುತ್ತದೆ. ದ್ರಾಕ್ಷಿ ಬೇರಿಗೆ ನೀರು ನಿಂತರೆ ಆಗುವುದಿಲ್ಲ. ಅಲ್ಲಿ ಜವುಗಾಗಿದ್ದ ನೆಲವನ್ನು 17ನೇ ಶತಮಾನದಲ್ಲಿ ಡಚ್ ಎಂಜಿನಿಯರುಗಳು ಕಾಲುವೆ ತೋಡಿ ಒಣಗಿಸಿದರು. ಬಸಿಗಾಲುವೆಯ ಕಥೆ ಕೇಳಿದ್ದೇ ಅವರ ಮುಖ ಅರಳಿತು. ನಮ್ಮ ತೋಟದಲ್ಲೂ ಅರ್ಧ ಕೆಲಸ ಅದೇ ತಾನೇ. ಮೆಡೊಕ್‌ನ ಹರಳು ನೆಲದಲ್ಲಿ ಕ್ಯಾಬರ್ನೆ ಸಾವಿನ್ಯೊನ್ ತಳಿ ಜಾಸ್ತಿ. ನದಿಯಾಚೆ ಸೇಂಟ್ ಎಮಿಲಿಯನ್ ಕಡೆ ಜೇಡಿ, ಸುಣ್ಣಕಲ್ಲಿನ ನೆಲ. ಅಲ್ಲಿ ಮೆರ್ಲೊ ತಳಿ.

ಆಮೇಲೆ ಅವರು ತಾಮ್ರದ ಮಾತು ತೆಗೆದರು. ನಾನು ನಡುವೆ ನಿಂತು ಮಾತು ದಾಟಿಸುತ್ತಿದ್ದೆ. ಯುರೋಪ್ ಒಕ್ಕೂಟದಲ್ಲಿ ಈಗ ತಾಮ್ರಕ್ಕೆ ಮಿತಿ ಇದೆ. ಒಂದು ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕೆಜಿ, ಅಂದರೆ ವರ್ಷಕ್ಕೆ ಸರಾಸರಿ 4 ಕೆಜಿ. ಯಾಕೆಂದರೆ ತಾಮ್ರ ಮಣ್ಣಿನಲ್ಲಿ ಕೊಳೆತು ಹೋಗುವುದಿಲ್ಲ. ವರ್ಷ ವರ್ಷ ಕೂಡುತ್ತಾ ಹೋಗುತ್ತದೆ, ಎರೆಹುಳುವಿಗೂ ತೊಂದರೆ. ಹಿರಿಯರು ಅಲ್ಲೇ ಲೆಕ್ಕ ಹಾಕಿದರು. ಶೇ 1ರ 100 ಲೀಟರ್ ದ್ರಾವಣಕ್ಕೆ ಮೈಲುತುತ್ತ 1 ಕೆಜಿ. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ. 4 ಕೆಜಿ ಅಂದರೆ 1600 ಲೀಟರ್ ದ್ರಾವಣ, ಎರಡೂವರೆ ಎಕರೆಗೆ, ಇಡೀ ವರ್ಷಕ್ಕೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅದನ್ನೇ ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಸೆಪ್ಟೆಂಬರ್ ಎಂದೆನಲ್ಲ, ಅದಕ್ಕೆ ಕಾರಣವಿದೆ. ಯುರೋಪಿನ ದ್ರಾಕ್ಷಿ ಕೊಯ್ಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಆ ಹೊತ್ತಿಗೆ ನಮ್ಮಲ್ಲಿ ಎರಡನೇ ಔಷಧಿ ಮುಗಿದಿರುತ್ತದೆ, ಅಡಿಕೆ ಗೊನೆಯ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್, ಅರ್ಜೆಂಟೀನಾದ ಮೆಂಡೋಜಾ ಕಡೆ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್. ಅಡಿಕೆ ಸುಲಿದು, ಬೇಯಿಸಿ, ಮಂಡಿಗೆ ಹಾಕಿ ಕೈ ಖಾಲಿಯಾದ ಮೇಲೆ ಹೊರಡಬಹುದು. ಮೊದಲು ಹತ್ತಿರದಲ್ಲೇ ನೋಡಬೇಕೆಂದರೆ ನಾಸಿಕ್ ಇದೆ, ಕೊಯ್ಲು ಜನವರಿಯಿಂದ ಮಾರ್ಚ್. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ವಿಜಯಪುರದ ಬೆಳೆಗಾರರು ಇದಕ್ಕೆ ಚಾಟ್ನಿ ಅನ್ನುತ್ತಾರೆ. ಇದನ್ನು ನೋಡಿದ ಮೇಲೆ ಯುರೋಪಿನ ತೋಟ ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ನನ್ನ ಮೊದಲ ಗುಂಪಿಗೆ ನಾನು ಮಾಡಿದ ತಪ್ಪು ಈಗಲೂ ಬೇಸರ ತರುತ್ತದೆ. ಫ್ರಾನ್ಸಿನ ಇನ್ನೊಂದು ವೈನ್ ನಾಡು ಬರ್ಗಂಡಿಯಲ್ಲಿ ಒಂದೇ ದಿನಕ್ಕೆ ನಾಲ್ಕು ತೋಟ ಇಟ್ಟಿದ್ದೆ. ಅದೂ ಭಾನುವಾರ, ಕೊಯ್ಲಿನ ನಡುವೆ. ಮೂರು ಕಡೆ ಗೇಟು ಮುಚ್ಚಿತ್ತು. ಸಣ್ಣ ತೋಟದವರು ಭಾನುವಾರ ಸಾಮಾನ್ಯವಾಗಿ ಯಾರನ್ನೂ ಕರೆಯುವುದಿಲ್ಲ. ಕೊಯ್ಲಿನ ದಿನಗಳಲ್ಲಂತೂ ಅವರಿಗೆ ಉಸಿರಾಡಲು ಹೊತ್ತಿಲ್ಲ. ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವಾಗ ಹೇಳದೆ ಕೇಳದೆ ಇಪ್ಪತ್ತು ಜನ ಬಂದರೆ ಹೇಗೆ? ಈಗ ದಿನಕ್ಕೆ ಎರಡೇ ತೋಟ. ತಿಂಗಳ ಮುಂಚೆಯೇ ಬರೆದು ಒಪ್ಪಿಗೆ ಪಡೆಯುತ್ತೇನೆ. ಒಂದೇ ಕಣಿವೆಯಲ್ಲಿ ನಾಲ್ಕು ರಾತ್ರಿ ಉಳಿಯುವಂತೆ ನೋಡಿಕೊಳ್ಳುತ್ತೇನೆ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಡಿ. ಫ್ರಾನ್ಸಿನಲ್ಲಿ ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯಸಾರದ ಮಿತಿ, ಹಂಗೇರಿಯಲ್ಲಿ ಸೊನ್ನೆ. ರೈಲು ಚೆನ್ನಾಗಿದೆ. ಪೋರ್ಚುಗಲ್‌ನ ಪೋರ್ಟೊದಿಂದ ಡೌರೊ ಕಣಿವೆಗೆ ಹೋಗುವ ರೈಲು ಹೊಳೆಯ ಅಂಚಿನಲ್ಲೇ ಸಾಗುತ್ತದೆ. ಗುಡ್ಡದ ಧರೆ ಕಡಿದು, ಕಲ್ಲುಗೋಡೆ ಕಟ್ಟಿ ಮಾಡಿದ ಮೆಟ್ಟಿಲು ತೋಟಗಳು ಕಿಟಕಿಯಿಂದಲೇ ಕಾಣುತ್ತವೆ. 1756ರಲ್ಲೇ ಸರ್ಕಾರ ಗಡಿ ಗುರುತಿಸಿದ ವೈನ್ ನಾಡು ಅದು.

ಸಸ್ಯಾಹಾರಿಗಳಿಗೆ ನಾನು ಮೊದಲು ಹೇಳುವುದು ಜಾರ್ಜಿಯಾ ದೇಶ. ಚೀಸ್ ತುಂಬಿದ ಖಚಾಪುರಿ ರೊಟ್ಟಿ, ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಲೋಬಿಯೊ, ಅಕ್ರೋಟು ಅರೆದು ಹಚ್ಚಿದ ಬದನೆಕಾಯಿ. ಹೊಟ್ಟೆಗೆ ಕೊರತೆಯಿಲ್ಲ. ಅಲ್ಲಿಯ ಕಾಖೇತಿ ಪ್ರದೇಶದಲ್ಲಿ ಕ್ವೆವ್ರಿ ಎಂಬ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಪಾತ್ರೆಯನ್ನು ಕತ್ತಿನವರೆಗೆ ನೆಲದಲ್ಲಿ ಹೂಳಿರುತ್ತಾರೆ. ಒಳಗೆ ಜೇನುಮೇಣ ಸವರಿ, ಸಿಪ್ಪೆ ಸಮೇತ ರಸ ತುಂಬಿ, ಬಾಯಿ ಮುಚ್ಚಿ ವಸಂತದವರೆಗೆ ಬಿಡುತ್ತಾರೆ. ಈ ಪದ್ಧತಿ 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ ಇಡುವ ಮನೆಯವರಿಗೆ ಕ್ವೆವ್ರಿ ಹೂಳಿದ ಆ ಕೋಣೆ ತುಂಬಾ ಇಷ್ಟವಾಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಚಂದದ ಗಿಡ ಕಂಡರೆ ಕಡ್ಡಿ ಮುರಿದು ತರುವ ಅಭ್ಯಾಸ ನಮ್ಮಲ್ಲಿದೆ. ದ್ರಾಕ್ಷಿ ಕಡ್ಡಿ, ಮಣ್ಣು ದಯವಿಟ್ಟು ತರಬೇಡಿ. ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಇಲ್ಲದೆ ತರುವುದು ತಪ್ಪು. ಭಯವೂ ಸುಳ್ಳಲ್ಲ. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬೇರು ತಿಂದು ಫ್ರಾನ್ಸಿನ ತೋಟಗಳನ್ನೇ ಹಾಳು ಮಾಡಿತು. ಕೊನೆಗೆ ಅಮೆರಿಕದ ಬೇರಿಗೇ ಕಸಿ ಕಟ್ಟಿ ಉಳಿಸಿಕೊಳ್ಳಬೇಕಾಯಿತು. ಬಾಟಲಿ ತರುವುದಾದರೆ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿನಲ್ಲಿಡಿ. ಕೈಚೀಲದಲ್ಲಿ ಬಿಡುವುದಿಲ್ಲ.

ಆ ಹಿರಿಯರು ಕಳೆದ ವಾರ ಮತ್ತೆ ಬಂದಿದ್ದರು. ಈ ಸಲ ಜರ್ಮನಿಯ ಮೊಸೆಲ್ ನದಿ ಕಡೆ ಹೋಗಬೇಕಂತೆ. ಮನೆ ಮಾಡಿನಷ್ಟು ಕಡಿದಾದ ಗುಡ್ಡದಲ್ಲಿ ಅಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. "ಅಂಥಾ ಧರೆ ಮೇಲೆ ಔಷಧಿ ಹೆಂಗೆ ಹೊಡೀತಾರೆ?" ಎಂದು ಕೇಳಿದರು. ಹೆಲಿಕಾಪ್ಟರ್‌ನಲ್ಲಿ ಹೊಡೆಯುತ್ತಿದ್ದರು, ಈಗ ಡ್ರೋನ್ ಕೂಡ ಬಂದಿದೆ ಎಂದೆ. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗದ ಕಾಲ ಇದು. ತಕ್ಷಣ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ಜರ್ಮನಿ, ಫ್ರಾನ್ಸ್‌ನಂಥ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚಿನಿಂದಲೂ ಅರ್ಜಿ ಹಾಕಬಹುದು. ಮೊದಲ ಔಷಧಿ ಹೊಡೆಯುವ ಮುಂಚೆಯೇ ಅವರ ಅರ್ಜಿ ಹೋಗಲಿದೆ.